ಚಂದಾ ಕಟ್ಟಿ ನೋಡುವ ಚಿತ್ರ: ಕೆಲವು ಹಳೆಯ ಪ್ರಯೋಗಗಳು

1951ನೆಯ ಇಸವಿಯ ಜನವರಿ 1ರಿಂದ ಮೊದಲ್ಗೊಂಡು ತೊಂಬತ್ತು ದಿನಗಳ ಕಾಲ ಅಮೆರಿಕೆಯ ಷಿಕಾಗೋ ನಗರದಲ್ಲಿ ಆರಿಸಿ ತೆಗೆದ 300 ಕುಟುಂಬಗಳು, ಮನೆಯ ಹೊಸ್ತಿಲು ದಾಟದೆ, ಟಿಕೆಟ್ಟಿಗಾಗಿ ಸರತಿಯಲ್ಲಿ ನಿಲ್ಲದೆ, ಒಂದು ಡಾಲರು ತೆತ್ತು ಚಲನಚಿತ್ರವೊಂದನ್ನು ನೋಡುವ ಸೌಕರ್ಯವನ್ನು ಪಡೆದುವು. ಜೆನಿತ್ ಎಂಬ ರೇಡಿಯೋ ಕಂಪನಿ ಹೂಡಿದ ಈ ಏರ್ಪಾಡಿಗೆ ಫೋನ್‌ವಿಷನ್ ಎಂದು ಹೆಸರು. ಚಿತ್ರವು ಎಲ್ಲರ ಆಂಟೆನಾಕ್ಕೂ ಎಟುಕುವಂತೆ ಆಕಾಶಮಾರ್ಗದಲ್ಲಿಯೇ ಪ್ರಸಾರವಾಗುತ್ತಿದ್ದಿತಾದರೂ, ಪರದೆಯ ಮೇಲೆ ಅದು ಕಲ್ಲು ಬಿದ್ದ ಕೊಳದೊಳಗಿನ ಪ್ರತಿಬಿಂಬದಂತೆ ಅತ್ತಿತ್ತ ತುಯ್ದು ಕದಡಿಹೋಗಿರುತ್ತಿತ್ತು. ಗೃಹಸ್ಥನು ಟೆಲಿಫೋನನ್ನು ಕೈಗೆತ್ತಿಕೊಂಡು ತನಗೆ ಚಿತ್ರ ಬೇಕೆಂದು ಎಕ್ಸ್‌ಚೇಂಜಿನ ಆಪರೇಟರಿಗೆ ತಿಳಿಸಿದೊಡನೆ, ಬಿಂಬವನ್ನು ಸ್ತಿಮಿತಕ್ಕೆ ತರುವ ಸಂಕೇತವೊಂದು ಟೆಲಿಫೋನ್ ತಂತಿಯಲ್ಲಿ ಹರಿದುಬಂದು ಎಲ್ಲವೂ ಸ್ವಚ್ಛವಾಗಿ ಕಾಣತೊಡಗುತ್ತಿತ್ತು. ತೆರಬೇಕಾದ ಡಾಲರು ತಿಂಗಳ ಕೊನೆಗೆ ಟೆಲಿಫೋನ್ ಬಿಲ್ಲಿನಲ್ಲಿ ಸೇರಿ ಬರುತ್ತಿತ್ತು.

ಜೆನಿತ್ ಕಂಪನಿಯ ಅಧ್ಯಕ್ಷ ಯೂಜೀನ್ ಮೆಕ್‌ಡೊನಾಲ್ಡ್ ಎಂಬಾತನು, ಜಾಹೀರಾತಿನ ಹಣವೊಂದನ್ನೇ ನೆಚ್ಚಿಕೊಂಡು ಟೆಲಿವಿಷನ್ನು ಉತ್ತಮ ಚಿತ್ರಗಳನ್ನು ಕೊಡಲಾರದು, ನೋಡುವವನೇ ಒಂದಿಷ್ಟು ತೆರಬೇಕು ಎಂದು ಬಹುಕಾಲದಿಂದ ಸಾಧಿಸುತ್ತ ಬಂದವನು. ಆತನ ವಾದಕ್ಕೆ ಷಿಕಾಗೋದ ಕುಟುಂಬಗಳು ಬಲುಮಟ್ಟಿಗೆ ಸಾಕ್ಷಿ ನುಡಿದುವೆಂದೇ ಹೇಳಬೇಕು: ಸರಾಸರಿಯಲ್ಲಿ ಒಂದೊಂದು ಕುಟುಂಬವೂ ವಾರಕ್ಕೆ 1.73 ಚಿತ್ರಗಳನ್ನು ಹಣ ಕೊಟ್ಟು ನೋಡಿತು. ಆದರೆ ಅವು ಎಂಥ ಚಿತ್ರಗಳು? ಹಾಲಿವುಡ್ಡಿನ ನಿರ್ಮಾಪಕರು ಹಿಂದುಮುಂದು ನೋಡಿ, ಸರ್ಕಾರದ ಒತ್ತಾಯಕ್ಕೆ ಮಣಿದು ಕೊಟ್ಟ, ಚಿತ್ರಮಂದಿರಗಳಲ್ಲಿ ಓಡಿ ಮುಗಿದು ಎರಡು ವರ್ಷವಾದರೂ ಕಳೆದಿದ್ದ ಹಳೆಯ ಸರಕು. ತಂಗಳನ್ನು ಬಡಿಸಿದಾಗಲೂ ಎಲೆ ಹಾಕಿಕೊಂಡು ಕುಳಿತ ಜನ, ಬಿಸಿ ಊಟ ಬಂದರೆ ಎದ್ದು ಹೋಗುತ್ತಿದ್ದರೆ? ಈ ಸರಳವಾದ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದ್ದವರು ಚಿತ್ರಗಳ ಒಡೆಯರು, ಅವರು ಕೇಳಿಕೊಳ್ಳಲಿಲ್ಲ.

ಎರಡು ವರ್ಷಗಳ ಬಳಿಕ, 1953ರ ನವೆಂಬರಿನಲ್ಲಿ, ಕ್ಯಾಲಿಫೋರ್ನಿಯದ ಪಾಮ್ ಸ್ಪ್ರಿಂಗ್ಸ್ ಎಂಬ ಶ್ರೀಮಂತರ ವಿಹಾರಸ್ಥಳದಲ್ಲಿ ಟೆಲಿಮೀಟರ್ ಎಂಬ ಇನ್ನೊಂದು ಪ್ರಯೋಗ ನಡೆಯಿತು. ಇಲ್ಲಿ ಟೆಲಿಫೋನಿನ ಗೊಡವೆ ಇರಲಿಲ್ಲ. ತಂತಿಯ ಮೂಲಕ ಬಂದ ಚಿತ್ರಕ್ಕೆ, ಟೆಲಿವಿಷನ್ನಿಗೆ ಜೋಡಿಸಿದ ಪೆಟ್ಟಿಗೆಯೊಂದರಲ್ಲಿ ನಾಣ್ಯ ಹಾಕಬೇಕಾಗಿತ್ತು. ಹೆಚ್ಚು ಹಾಕಿದ ನಾಣ್ಯ ಮುಂದಿನ ಚಿತ್ರದ ಲೆಕ್ಕಕ್ಕೆ ಜಮೆಯಾಗುವಷ್ಟು ಪ್ರಾಮಾಣಿಕತೆಯೂ ಆ ಪೆಟ್ಟಿಗೆಗೆ ಇದ್ದಿತು. ಪ್ಯಾರಮೌಂಟ್ ಸಂಸ್ಥೆ ಈ ಉದ್ಯಮದ ಪಾಲುದಾರನಾಗಿದ್ದುದರಿಂದ, ಊರಿನ ಚಿತ್ರಮಂದಿರದಲ್ಲಿ ತೆರೆಕಂಡ ಹೊಸ ಚಿತ್ರವೇ ಆದಿನ ಮನೆಗೂ ಬಂದಿತು. ದರ ಒಂದು ಡಾಲರು 35 ಸೆಂಟು. ಮರುವರ್ಷ ಪೆಟ್ಟಿಗೆಗಳನ್ನು ಕಿತ್ತುಕೊಂಡು ಹೋದರು.

ಇವೆರಡೂ ಬಿಡಿಲೆಕ್ಕದ ವ್ಯಾಪಾರಗಳು, ನೋಡಿದಷ್ಟಕ್ಕೆ ಹಣ. ಇಂದು ನಾವು ಕಾಣುವ ತಿಂಗಳ ಚಂದಾ ಪದ್ಧತಿಯ ನಿಜವಾದ ಮೂಲಪುರುಷನನ್ನು ಹುಡುಕುವವರು ಒಕ್ಲಹೋಮ ಸಂಸ್ಥಾನದ ಬಾರ್ಟಲ್ಸ್‌ವಿಲ್ ಪಟ್ಟಣಕ್ಕೆ ಹೋಗಬೇಕು. ಫಿಲಿಪ್ಸ್ ಪೆಟ್ರೋಲಿಯಂ ಕಂಪನಿಯ ಕೇಂದ್ರ ಕಚೇರಿಯಿದ್ದ, ಸಂಬಳ ತಪ್ಪದ ನೌಕರರು ನೆಲಸಿದ್ದ ಈ ಊರಿನಲ್ಲಿ 1957ರ ಸೆಪ್ಟೆಂಬರ್ 3ರಂದು ‘ಟೆಲಿಮೂವೀಸ್’ ಎಂಬ ವ್ಯವಸ್ಥೆ ಪ್ರಾರಂಭವಾಯಿತು. ಆಶ್ಚರ್ಯವೆಂದರೆ ಇದನ್ನು ಹೂಡಿದಾತನು ಚಿತ್ರಮಂದಿರಗಳಿಗೆ ಎದುರಾಳಿಯಾದ ಯಾವನೋ ಅಲ್ಲ. ಚಿತ್ರಮಂದಿರಗಳ ಒಡೆತನವನ್ನೇ ವೃತ್ತಿಯಾಗಿ ಉಳ್ಳ ವಿಡಿಯೋ ಇಂಡಿಪೆಂಡೆಂಟ್ ಥಿಯೇಟರ್ಸ್ ಸಂಸ್ಥೆಯ ಮುಖ್ಯಸ್ಥ ಹೆನ್ರಿ ಗ್ರಿಫಿಂಗ್. ತನ್ನ ಮಂದಿರದ ಆಸನಗಳನ್ನು ಟೆಲಿವಿಷನ್ನು ಬರಿದು ಮಾಡುತ್ತಿರುವುದನ್ನು ಕಂಡು ಶಪಿಸುತ್ತ ಕೂರುವ ಬದಲು, ಆಸನಗಳು ಎಲ್ಲಿಗೆ ಹೋದುವೋ ಅಲ್ಲಿಗೇ ಚಿತ್ರವನ್ನು ಕಳುಹಿಸೋಣವೆಂದು ಆತನು ನಿಶ್ಚಯಿಸಿದುದು ವ್ಯಾಪಾರಿಗಳಲ್ಲಿ ಅಪರೂಪವಾದ ವಿವೇಕ. ತಿಂಗಳಿಗೆ ಒಂಬತ್ತೂವರೆ ಡಾಲರು ಕಟ್ಟಿದವರ ಮನೆಗೆ ಕಂಬದಿಂದ ಕಂಬಕ್ಕೆ ಎಳೆದ ಕೇಬಲಿನಲ್ಲಿ, ಒಂದು ವಾಹಿನಿಯಲ್ಲಿ ಹೊಸ ಚಿತ್ರ, ಇನ್ನೊಂದರಲ್ಲಿ ಮರುಪ್ರದರ್ಶನದ ಚಿತ್ರ ಬರುತ್ತಿದ್ದುವು. ಮೊದಲ ಚಿತ್ರ, ಡೋರಿಸ್ ಡೇ ನಟಿಸಿದ ‘ದಿ ಪಜಾಮ ಗೇಮ್’. ಎಷ್ಟು ನೋಡಿದರೂ ದರ ಅಷ್ಟೇ.

ಬಿಡಿಲೆಕ್ಕಕ್ಕೂ ತಿಂಗಳ ಲೆಕ್ಕಕ್ಕೂ ಇರುವ ಭೇದ ಕೇವಲ ಹಣದ್ದಲ್ಲವೆಂದು ನನಗೆ ತೋರುತ್ತದೆ. ಒಂದೊಂದು ಚಿತ್ರಕ್ಕೂ ಬೇರೆಬೇರೆಯಾಗಿ ತೆರುವವನು ನಾಲ್ಕು ಜನರನ್ನು ವಿಚಾರಿಸಿ, ಆಯ್ದು, ಒಂದನ್ನು ನೋಡುತ್ತಾನೆ; ತಿಂಗಳಿಗೆ ಒಮ್ಮೆ ಕಟ್ಟಿದವನಾದರೋ ಕಟ್ಟಿದ ಹಣ ವ್ಯರ್ಥವಾಗಬಾರದೆಂಬ ಒಂದೇ ಕಾರಣಕ್ಕೆ ನಿದ್ದೆಗೆಟ್ಟು ಮೂರನ್ನು ನೋಡಿ, ಒಂದೂ ಚೆನ್ನಾಗಿರಲಿಲ್ಲವೆಂದು ಗೊಣಗುತ್ತಾನೆ.

ಬಾರ್ಟಲ್ಸ್‌ವಿಲ್ಲಿನಲ್ಲಿ ಗೊಣಗಾಟಕ್ಕೆ ಬೇರೆ ಕಾರಣಗಳೂ ಇದ್ದುವು. ನೆರೆಯ ಟಲ್ಸಾ ನಗರದ ಟೆಲಿವಿಷನ್ ನಿಲಯಗಳು ಪುಕ್ಕಟೆಯಾಗಿ ಸಿಕ್ಕುತ್ತಿದ್ದುವು. ಅದೂ ಅಲ್ಲದೆ ಹಾಲಿವುಡ್ಡಿನ ಸಂಸ್ಥೆಗಳು 1948ಕ್ಕೆ ಹಿಂದಿನ ತಮ್ಮ ಚಿತ್ರಭಂಡಾರಗಳನ್ನು ಒಂದೊಂದಾಗಿ ಟೆಲಿವಿಷನ್ನಿಗೆ ಮಾರತೊಡಗಿದ್ದ ಕಾಲವದು. ಸಂಜೆಯ ಹೊತ್ತು ಬಿಟ್ಟಿಯಾಗಿ ಚಿತ್ರವೊಂದು ಮನೆಗೆ ಬರುತ್ತಿರುವಾಗ ಒಂಬತ್ತೂವರೆ ಡಾಲರನ್ನು ಯಾರು ಕಟ್ಟಿಯಾರು? ಗ್ರಿಫಿಂಗ್ ದರವನ್ನು 4 ಡಾಲರು 95 ಸೆಂಟಿಗೆ ಇಳಿಸಿ ನೋಡಿದನು. ಆದರೆ ನಿರ್ಮಾಪಕರಿಗೆ ತಿಂಗಳ ಚಂದಾ ಎಂಬುದೇ ರುಚಿಸಲಿಲ್ಲ: ಎಷ್ಟು ಮನೆಗಳು ತಮ್ಮ ಚಿತ್ರವನ್ನು ನೋಡಿದುವೆಂಬ ಲೆಕ್ಕವಿಲ್ಲದ ಮೇಲೆ ತಮ್ಮ ಪಾಲನ್ನು ಗೊತ್ತುಮಾಡುವುದು ಹೇಗೆ, ಮನೆಮನೆಗೂ ಮೀಟರು ಇರಲಿ ಎಂಬುದು ಅವರ ಹಟ. 1958ರ ಜೂನ್‌ನಲ್ಲಿ ಟೆಲಿಮೂವೀಸ್ ನಿಂತುಹೋಯಿತು. ಪತ್ರಿಕೆಗಳು ಜನರಿಗೆ ಇದು ಬೇಕಿಲ್ಲವೆಂದು ತೀರ್ಮಾನ ಕೊಟ್ಟುವು. ಜನರನ್ನು ಸರಿಯಾಗಿ ಕೇಳಿದುದೆಲ್ಲಿ?

ಈ ನಡುವೆ ಅಮೆರಿಕೆಯ ಚಿತ್ರಮಂದಿರಗಳ ಒಡೆಯರು ಸುಮ್ಮನೆ ಕುಳಿತಿರಲಿಲ್ಲ. 1962ರಿಂದ 1969ರವರೆಗೆ ಕನೆಕ್ಟಿಕಟ್ಟಿನ ಹಾರ್ಟ್‌ಫರ್ಡ್ ನಗರದಲ್ಲಿ ಫೋನ್‌ವಿಷನ್ನಿನ ಇನ್ನೊಂದು ದೀರ್ಘ ಪ್ರಯೋಗ ಅವರ ವಿರೋಧದ ನಡುವೆಯೇ ನಡೆಯಿತು. ಹಿಂದೆ ಎನ್‌ಬಿಸಿ ಟೆಲಿವಿಷನ್ ಸಂಸ್ಥೆಯ ಅಧ್ಯಕ್ಷನಾಗಿದ್ದ ಪ್ಯಾಟ್ ವೀವರ್ 1964ರ ಜುಲೈಯಲ್ಲಿ ಲಾಸ್ ಏಂಜಲಿಸಿನಲ್ಲಿ ಬೇಸ್‌ಬಾಲ್ ಪಂದ್ಯವನ್ನೂ ಚಿತ್ರಗಳನ್ನೂ ತಂತಿಯ ಮೂಲಕ ಮಾರಲು ಹೊರಟಾಗ, ‘ಪುಕ್ಕಟೆ ಟೆಲಿವಿಷನ್ನನ್ನು ಉಳಿಸಿ’ ಎಂಬ ಕೂಗೆಬ್ಬಿಸಿ, ಸಹಿ ಸಂಗ್ರಹಿಸಿ, ಪ್ರಶ್ನೆಯನ್ನು ನವೆಂಬರಿನ ಮತದಾನಕ್ಕೇ ತಂದರು; ಕ್ಯಾಲಿಫೋರ್ನಿಯದ ಮತದಾರರು ಭಾರಿ ಬಹುಮತದಿಂದ ಈ ವ್ಯಾಪಾರವನ್ನು ನಿಷೇಧಿಸಿದರು. 1966ರಲ್ಲಿ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು ಆ ನಿಷೇಧವು ಸಂವಿಧಾನಕ್ಕೆ ವಿರುದ್ಧವೆಂದು ರದ್ದುಗೊಳಿಸುವ ವೇಳೆಗೆ ವೀವರನ ಕಂಪನಿ ಬಾಗಿಲು ಹಾಕಿ ಬಹಳ ದಿನಗಳಾಗಿದ್ದುವು. ಟಿಕೆಟ್ಟು ಮಾರಿ ಬದುಕುವ ಜನ ಪುಕ್ಕಟೆ ಮನರಂಜನೆಯ ಪರವಾಗಿ ಧ್ವಜವೆತ್ತಿದ ಈ ಪ್ರಸಂಗದ ಹಾಸ್ಯವು ಆಗಿನ ಮತದಾರರಿಗೆ ಹೊಳೆಯದೆ ಹೋದುದು ಸೋಜಿಗ.

ಕಡೆಗೆ ಗೆದ್ದುದು ಬಾರ್ಟಲ್ಸ್‌ವಿಲ್ಲಿನ ಪದ್ಧತಿಯೇ. 1972ರ ನವೆಂಬರ್ 8ರಂದು ಪೆನ್ಸಿಲ್ವೇನಿಯದ ವಿಲ್ಕ್ಸ್-ಬ್ಯಾರಿಯಲ್ಲಿ ಹೋಮ್ ಬಾಕ್ಸ್ ಆಫೀಸ್, ಎಂದರೆ ಎಚ್‌ಬಿಒ, 365 ಚಂದಾದಾರರೊಡನೆ ಆರಂಭವಾದಾಗ ಅದಕ್ಕೂ ಮೀಟರಿರಲಿಲ್ಲ. ತಿಂಗಳ ದರ ಮಾತ್ರ. ಮೊದಲ ರಾತ್ರಿ ಒಂದು ಹಾಕಿ ಪಂದ್ಯ, ಆಮೇಲೆ ಪಾಲ್ ನ್ಯೂಮನ್ನನ ಚಿತ್ರ. ಸೇರಿದಷ್ಟೇ ಸಲೀಸಾಗಿ ಜನ ಬಿಟ್ಟೂ ಹೋಗುತ್ತಿದ್ದರು. ಬಿಟ್ಟುಹೋಗುವವರ ಚಿಂತೆ ಈ ಉದ್ಯಮಕ್ಕೆ ಅಂದಿನಿಂದಲೂ ಜನ್ಮಕ್ಕಂಟಿದ ರೋಗ. 1975ರಲ್ಲಿ ಉಪಗ್ರಹದ ಆಸರೆ ದೊರೆತ ಮೇಲೆ ಅದು ದೇಶವ್ಯಾಪಿಯಾಯಿತು; ತಂತಿಯ ಚಂದಾದಾರರಿಗೆ ಎಷ್ಟು ಹಳೆಯ ಚಿತ್ರಗಳನ್ನು ತೋರಿಸಬಹುದೆಂದು ಸರ್ಕಾರ ವಿಧಿಸಿದ್ದ ನಿರ್ಬಂಧವನ್ನು 1977ರಲ್ಲಿ ನ್ಯಾಯಾಲಯ ತೊಡೆದುಹಾಕಿತು.

ಮುಂದಿನ ಕಥೆ ಬಹುಮಂದಿಗೆ ತಿಳಿದುದೇ. 1997ರಲ್ಲಿ ಸ್ಥಾಪಿತವಾಗಿ ಅಂಚೆಯಲ್ಲಿ ಡಿವಿಡಿ ಕಳುಹಿಸುತ್ತಿದ್ದ ನೆಟ್‌ಫ್ಲಿಕ್ಸ್, 2007ರಲ್ಲಿ ಅಂತರ್ಜಾಲದಲ್ಲಿ ಚಿತ್ರ ಹರಿಸತೊಡಗಿದಾಗ ಕೈಯಲ್ಲಿದ್ದುದು ಸುಮಾರು 1,000 ಶೀರ್ಷಿಕೆಗಳು. ಸುಮಾರು ಹದಿನೆಂಟು ಡಾಲರು ಕಟ್ಟುವವನಿಗೆ ತಿಂಗಳಿಗೆ ಹದಿನೆಂಟು ಗಂಟೆ ಎಂಬ ಮಿತಿ. ಮೀಟರು ಇಲ್ಲಿ ಒಂದು ಗಳಿಗೆ ತಲೆಯೆತ್ತಿ ಮರುವರ್ಷವೇ ಅಡಗಿತು. ಒಂದು ತಿಂಗಳು ಪುಕ್ಕಟೆ ನೋಡಿ, ಮೆಚ್ಚಿದರೆ ಕಟ್ಟಿ ಎಂಬ ಆಮಿಷ ಎಲ್ಲೆಡೆ ವಾಡಿಕೆಯಾಯಿತು. 2016ರ ಜನವರಿ 6ರಂದು ಭಾರತಕ್ಕೂ ಬಂದ ಈ ಸೇವೆಯ ಕನಿಷ್ಠ ದರ ಆಗ ತಿಂಗಳಿಗೆ 500 ರೂಪಾಯಿಯಾಗಿತ್ತು. ಅದೇ ಡಿಸೆಂಬರಿನಲ್ಲಿ ಬಂದ ಅಮೆಜಾನ್ ಪ್ರೈಮ್ ವಿಡಿಯೋ ವರ್ಷಕ್ಕೇ 499 ಎಂದಿತು. ನೆಟ್‌ಫ್ಲಿಕ್ಸ್ 2019ರಲ್ಲಿ ಫೋನಿಗೆ ಮಾತ್ರ ಸೀಮಿತವಾದ 199 ರೂಪಾಯಿಯ ಚಂದಾವನ್ನು ತಂದಿತು. 2020ರ ಡಿಸೆಂಬರ್ 5 ಮತ್ತು 6ರಂದು ದೇಶಕ್ಕೆ ದೇಶವೇ ನೋಡಲೆಂದು ಎರಡು ದಿನ ಬಾಗಿಲನ್ನು ತೆರೆದಿಟ್ಟಿತು.

ನಮ್ಮ ನಾಡಿನವರಿಗೆ ಮನೆಗೆ ಚಿತ್ರ ತರಿಸುವುದು ಹೊಸದಾಗಿರಲಿಲ್ಲ. ಎಂಬತ್ತರ ದಶಕದಲ್ಲಿ ಟಿವಿಯನ್ನೂ ವಿಸಿಪಿಯನ್ನೂ ಬಾಡಿಗೆಗೆ ತಂದು, ಬೀದಿಯವರೆಲ್ಲ ಚಾಪೆ ಹಾಸಿ ಕುಳಿತು, ಕೊಟ್ಟ ಬಾಡಿಗೆ ಪೂರ್ತಿ ವಸೂಲಾಗುವಂತೆ ಬೆಳಗಿನ ಜಾವದವರೆಗೆ ಕ್ಯಾಸೆಟ್ಟು ಬದಲಾಯಿಸುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ. ಆದರೆ ಕೊರೋನಾ ಕಾಲದಲ್ಲಿ ಪುನೀತ್ ರಾಜ್‌ಕುಮಾರರ ಪಿಆರ್‌ಕೆ ಸಂಸ್ಥೆಯ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಚಿತ್ರಗಳು 2020ರ ಜುಲೈಯಲ್ಲಿ ಚಿತ್ರಮಂದಿರವನ್ನು ಕಾಣದೆ ನೇರವಾಗಿ ಪ್ರೈಮಿನಲ್ಲಿ ತೆರೆಕಂಡಾಗ ಪರಿಸ್ಥಿತಿ ಬೇರೆಯಾಯಿತು. ಆ ವರ್ಷವೇ ಹಿಂದಿ ಚಿತ್ರಗಳ ಇಂಥ ಬಿಡುಗಡೆಗೆ ಮಲ್ಟಿಪ್ಲೆಕ್ಸಿನವರು ತೋರಿದ ಅಸಮಾಧಾನದಲ್ಲಿ ಕ್ಯಾಲಿಫೋರ್ನಿಯದ ಹಳೆಯ ದನಿಯೇ ಕೇಳಿಸಿತು.

ಕನ್ನಡದ ವಿಷಯದಲ್ಲಿ ಮಾತ್ರ ಸಮಸ್ಯೆ ತಲೆಕೆಳಗಾಗಿದೆ. ಅಮೆರಿಕೆಯಲ್ಲಿ ತಂತಿಯಿದ್ದವನಿಗೆ ಚಿತ್ರ ಸಿಕ್ಕಲಿಲ್ಲ. ಇಲ್ಲಿ ಚಿತ್ರವಿದ್ದವನಿಗೆ ವೇದಿಕೆ ಸಿಕ್ಕುವುದು ದುರ್ಲಭ. ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆಯ ‘ಏಕಂ’ ಸರಣಿಯನ್ನು ಕೊಳ್ಳುವವರು ಸಿಗದೆ, 2024ರ ಜುಲೈಯಲ್ಲಿ ಅದನ್ನು ತಮ್ಮದೇ ಜಾಲತಾಣದಲ್ಲಿ 149 ರೂಪಾಯಿಗೆ ಬಿಡಿಯಾಗಿ ಮಾರಬೇಕಾಯಿತು. ಮರುವರ್ಷದ ಮಾರ್ಚ್‌ನ ಆಯವ್ಯಯದಲ್ಲಿ ಕರ್ನಾಟಕ ಸರ್ಕಾರವು ಕನ್ನಡ ಚಿತ್ರಗಳಿಗಾಗಿ ತಾನೇ ಒಂದು ಒಟಿಟಿ ವೇದಿಕೆಯನ್ನು ರೂಪಿಸುವುದಾಗಿ ಘೋಷಿಸಿತು. ಅದಕ್ಕೆ ತಿಂಗಳ ಚಂದಾ ಗೊತ್ತುಮಾಡುವರೋ, ಬಿಡಿ ದರವನ್ನೋ ಎಂಬುದಕ್ಕಿಂತ, ಹೊಸ ಚಿತ್ರವನ್ನು ಎಷ್ಟು ಬೇಗ ಅಲ್ಲಿಗೆ ಕೊಡಲು ನಮ್ಮ ನಿರ್ಮಾಪಕರು ಒಪ್ಪುವರು ಎಂಬುದನ್ನು ಮೊದಲು ಕೇಳಿ ತಿಳಿಯುವುದು ಒಳ್ಳೆಯದು.