ಗ್ರಹಣ ಹೇಳುವ ತಾರೀಖು

ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಅಮೃತಹಳ್ಳಿ, ಬ್ಯಾಟರಾಯನಪುರ, ಕೊಡಿಗೇಹಳ್ಳಿಯ ಕಡೆ ವಾಸಿಸುವವರಿಗಂತೂ ಅದು ತೀರ ನೆರೆಮನೆಯ ವಿಷಯ. ಗಂಗದೊರೆ ಶ್ರೀಪುರುಷನ ಆಳ್ವಿಕೆಯಲ್ಲಿ, ರಟ್ಟವಾಡಿಯವರು ದಂಡೆತ್ತಿ ಬಂದಾಗ ಕಾದಿ ಮಡಿದ ಕಿಟ್ಟಯ್ಯನೆಂಬ ವೀರನ ಕಲ್ಲು ಅದು. ಅದರ ಕಾಲ ಸುಮಾರು ಕ್ರಿ.ಶ. 750 ಎಂದು ವಿದ್ವಾಂಸರು ಹೇಳಿದ್ದಾರೆ.

ಈ 'ಸುಮಾರು' ಎಂಬ ಮಾತಿನ ಹಿಂದೆ ಏನಿದೆ ಎಂದು ಎಂದಾದರೂ ಯೋಚಿಸಿದ್ದೀರಾ? ಕಿಟ್ಟಯ್ಯನ ಕಲ್ಲಿನಲ್ಲಿ ವರ್ಷವಿಲ್ಲ, ತಿಥಿಯಿಲ್ಲ. ದೊರೆಯ ಹೆಸರಿದೆ, ಅಕ್ಷರಗಳ ಆಕಾರವಿದೆ. ಅಕ್ಷರದ ತಿರುವುಗಳನ್ನು ತಾರೀಖು ಗೊತ್ತಿರುವ ಬೇರೆ ಶಾಸನಗಳೊಂದಿಗೆ ಹೋಲಿಸಿ ಕಾಲವನ್ನು ಅಂದಾಜು ಮಾಡುತ್ತಾರೆ. ಅನುಭವಿಗಳ ಕಣ್ಣು ಅಷ್ಟು ಸುಲಭವಾಗಿ ಮೋಸಹೋಗದು. ಆದರೂ ಇಪ್ಪತ್ತು-ಮೂವತ್ತು ವರ್ಷಗಳ ಎಡೆ ಉಳಿದೇ ಉಳಿಯುತ್ತದೆ.

ಅದೇ ದಶಕದ ಇನ್ನೊಂದು ಕಲ್ಲನ್ನು ನೋಡಿ. ಪಟ್ಟದಕಲ್ಲಿನಲ್ಲಿ ಬಾದಾಮಿ ಚಾಲುಕ್ಯರ ಕೊನೆಯ ದೊರೆ ಇಮ್ಮಡಿ ಕೀರ್ತಿವರ್ಮನ ಕಾಲದ ಒಂದು ಕಂಬವಿದೆ. ಗಂಗಾನದಿಯ ಉತ್ತರ ದಡದ ನಾಡಿನಿಂದ ಬಂದ ಜ್ಞಾನಶಿವಾಚಾರ್ಯ ಅದನ್ನು ನಿಲ್ಲಿಸಿದ. ಸಂಸ್ಕೃತ ಪಾಠ ಒಂದೇ, ಲಿಪಿ ಮಾತ್ರ ಎರಡು: ಒಂದು ನಮ್ಮ ಕಡೆಯದು, ಇನ್ನೊಂದು ಉತ್ತರದ ಸಿದ್ಧಮಾತೃಕೆ. ಶ್ರಾವಣದ ಅಮಾವಾಸ್ಯೆ, ಸೂರ್ಯನಿಗೆ ಪೂರ್ಣಗ್ರಹಣ ಎಂದು ಶಾಸನ ಹೇಳುತ್ತದೆ. ಅಷ್ಟು ಸಾಕಾಯಿತು. ಗಣಿತ ಮಾಡಿ ನೋಡಿದರೆ ಅದು ಕ್ರಿ.ಶ. 754ರ ಜೂನ್ 25. ಸುಮಾರು ಎಂಬ ಮಾತೇ ಇಲ್ಲ. ಆ ದಿನವೇ ಸಿಕ್ಕಿತು.

ಇದರಲ್ಲಿ ಒಂದು ಸ್ವಾರಸ್ಯವಿದೆ. ಇಂದು ನಾವು ಬಳಸುವ ಪಂಚಾಂಗದಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ. ಆ ಪ್ರಕಾರ ಅಂದಿನ ಅಮಾವಾಸ್ಯೆ ಆಷಾಢದ್ದು, ಶ್ರಾವಣದ್ದಲ್ಲ. ಹಾಗಾದರೆ ಶಾಸನ ತಪ್ಪೇ? ಅಲ್ಲ. ಹುಣ್ಣಿಮೆಗೆ ತಿಂಗಳು ಮುಗಿಸುವ ಪೂರ್ಣಿಮಾಂತ ಲೆಕ್ಕವನ್ನು ಹಿಡಿದರೆ ಅದು ಶ್ರಾವಣಕ್ಕೇ ಸೇರುತ್ತದೆ. ಉತ್ತರದ ಆಚಾರ್ಯ ತನ್ನ ನಾಡಿನ ಲೆಕ್ಕವನ್ನು ತಂದನೆಂದು ಮೊದಲಿಗೆ ಅನ್ನಿಸಬಹುದು. ಆದರೆ ಆಗ ನಮ್ಮ ನಾಡಿನಲ್ಲೂ ಪೂರ್ಣಿಮಾಂತ ಬಳಕೆಯಲ್ಲಿತ್ತು ಎಂಬುದಕ್ಕೆ ಬೇರೆ ಶಾಸನಗಳ ಸಾಕ್ಷಿಯೂ ಉಂಟು. ಒಂದು ಗ್ರಹಣ ಕಂಬದ ದಿನವನ್ನಷ್ಟೇ ಅಲ್ಲ, ನಮ್ಮ ಪೂರ್ವಿಕರು ತಿಂಗಳನ್ನು ಎಣಿಸಿದ ರೀತಿಯನ್ನೂ ಹೇಳಿತು.

ರಾಜಕೀಯದ ದೃಷ್ಟಿಯಿಂದಲೂ ಈ ದಿನಕ್ಕೆ ಬೆಲೆಯಿದೆ. ರಾಷ್ಟ್ರಕೂಟ ದಂತಿದುರ್ಗನ ಸಾಮನಗಡ ತಾಮ್ರಪಟ ಶಕವರ್ಷ 675ರದು, ಎಂದರೆ ಕ್ರಿ.ಶ. 753-54. ಚಾಲುಕ್ಯರನ್ನು ಗೆದ್ದೆನೆಂದು ಅವನು ಅಲ್ಲಿ ಹೇಳಿಕೊಳ್ಳುತ್ತಾನೆ. ಪಟ್ಟದಕಲ್ಲಿನ ಕಂಬವೋ 754ರ ಜೂನ್ ತಿಂಗಳಲ್ಲಿ ಕೀರ್ತಿವರ್ಮನ ಹೆಸರನ್ನೇ ಹೇಳುತ್ತಿದೆ. ಒಂದು ವಂಶ ಮುಳುಗಿ ಇನ್ನೊಂದು ಮೂಡುವುದು ಪಠ್ಯಪುಸ್ತಕದಲ್ಲಿ ಒಂದು ಗೆರೆಯಷ್ಟೆ. ನೆಲದ ಮೇಲೆ ಅದು ಹಾಗೆ ಒಂದೇ ದಿನದಲ್ಲಿ ನಡೆಯಲಿಲ್ಲ. ಹೆಬ್ಬಾಳದ ಕಿಟ್ಟಯ್ಯನೂ ಇಂಥದೇ ಕಲಹದ ಕಾಲದವನು ಎಂಬುದನ್ನು ನೆನೆಯಿರಿ.

ಆಕಾಶವನ್ನು ನೋಡಿ ಕಾಲವನ್ನು ನಿರ್ಣಯಿಸುವ ಕೆಲಸ ಪೂರ್ವ ಏಷ್ಯದಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿನವರು ನಕ್ಷತ್ರಗಳನ್ನು ಚಿತ್ರವಾಗಿಯೇ ಬರೆದಿಟ್ಟರು. ಚೀನಾದ ದುನ್‌ಹುವಾಂಗ್ ಗುಹೆಯಿಂದ ಔರೆಲ್ ಸ್ಟೀನ್ 1907ರಲ್ಲಿ ಪಡೆದ ಕಾಗದದ ಸುರುಳಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ 1,300ಕ್ಕೂ ಹೆಚ್ಚು ನಕ್ಷತ್ರಗಳಿವೆ. ಆಕಾಶವನ್ನು ಹನ್ನೆರಡು ಪಟ್ಟಿಗಳಾಗಿ ಸೀಳಿ, ಧ್ರುವದ ಸುತ್ತಲಿನ ಭಾಗವನ್ನು ಬೇರೆಯಾಗಿ ಬರೆದಿದ್ದಾರೆ. ಮೂರು ಹಳೆಯ ಜ್ಯೋತಿಷ ಸಂಪ್ರದಾಯಗಳ ನಕ್ಷತ್ರಗಳಿಗೆ ಬೇರೆ ಬೇರೆ ಬಣ್ಣ. ನಕ್ಷತ್ರ ಧ್ರುವದಿಂದ ಎಷ್ಟು ದೂರ, ತನ್ನ 'ಮನೆ'ಯ ಆರಂಭದಿಂದ ಎಷ್ಟು ಅಂಶ ಎಂದು ಅಳೆದು ಸ್ಥಾನ ಗುರುತಿಸುವುದು ಚೀನೀಯರ ಕ್ರಮ. ಅವರ ಈ ಮನೆಗಳು ಇಪ್ಪತ್ತೆಂಟು. ಅಶ್ವಿನಿ, ಭರಣಿ ಎಂದು ಎಣಿಸುವ ನಮಗೆ ಈ ಲೆಕ್ಕ ಅಪರಿಚಿತವೆನ್ನಿಸದು.

ಆ ಸುರುಳಿಯ ಕಾಲವನ್ನು ನಿರ್ಣಯಿಸಿದ ಬಗೆ ಸೊಗಸಾಗಿದೆ. ಚೀನಾದಲ್ಲಿ ಚಕ್ರವರ್ತಿಯ ಹೆಸರಿನ ಅಕ್ಷರವನ್ನು ಹಾಗೆಯೇ ಬರೆಯಬಾರದೆಂಬ ಕಟ್ಟಳೆಯಿತ್ತು. ಲಿಪಿಕಾರ ಯಾರ ಹೆಸರಿಗೆ ಅಂಜಿ ಅಕ್ಷರ ಬದಲಿಸಿದ್ದಾನೆ, ಯಾರ ಹೆಸರಿಗೆ ಅಂಜಿಲ್ಲ ಎಂಬುದನ್ನು ನೋಡಿ, ಅದು ಕ್ರಿ.ಶ. 649 ಮತ್ತು 684ರ ನಡುವಿನದೆಂದು 2009ರಲ್ಲಿ ಸಂಶೋಧಕರು ವಾದಿಸಿದರು. ಇಲ್ಲಿ ನೆರವಾದದ್ದು ನಕ್ಷತ್ರವಲ್ಲ, ರಾಜಭಯ!

ನಕ್ಷತ್ರಗಳೇ ಸಾಕ್ಷಿ ಹೇಳುವ ಬಗೆ ಇನ್ನೊಂದು. ಬುಗುರಿ ತಲೆ ತೂಗಿದಂತೆ ಭೂಮಿಯ ಅಕ್ಷ ನಿಧಾನವಾಗಿ ತೂಗುತ್ತದೆ. ಇದೇ ಅಯನಚಲನ. ಇದರಿಂದ ವಿಷುವಬಿಂದು 72 ವರ್ಷಕ್ಕೆ ಒಂದು ಅಂಶದಷ್ಟು ಸರಿಯುತ್ತದೆ. ಪಟದಲ್ಲಿ ನಕ್ಷತ್ರಗಳನ್ನು ಎಲ್ಲಿ ಗುರುತಿಸಿದ್ದಾರೆ ಎಂದು ಅಳೆದರೆ ಅವನ್ನು ಯಾವ ಕಾಲದಲ್ಲಿ ವೀಕ್ಷಿಸಿದರೆಂದು ಹೇಳಬಹುದು. ಆದರೆ ಕೈಬರಹದಲ್ಲಿ ಅರ್ಧ ಅಂಶದ ತಪ್ಪು ದೊಡ್ಡದಲ್ಲ. ಅದೇ ಅರ್ಧ ಅಂಶ ಕಾಲದಲ್ಲಿ 36 ವರ್ಷವಾಗುತ್ತದೆ. ಮೇಲಾಗಿ ಪಟ ಬರೆದ ಕಾಲ ಬೇರೆ, ವೀಕ್ಷಣೆಯ ಕಾಲ ಬೇರೆ. ಸೂಝೌ ನಗರದ ಕಲ್ಲಿನ ನಕ್ಷತ್ರಪಟವನ್ನು ಕೊರೆದದ್ದು 1247ರಲ್ಲಿ. ಅದಕ್ಕೆ ಆಧಾರವಾದ ವೀಕ್ಷಣೆ ಹನ್ನೊಂದನೆಯ ಶತಮಾನದ್ದು. ಜಪಾನಿನ ಕಿಟೋರಾ ಸಮಾಧಿಯ ಚಾವಣಿಯಲ್ಲಿ 1998ರಲ್ಲಿ ಕಂಡ ಪಟದ ವಿಷಯದಲ್ಲಂತೂ ವಿದ್ವಾಂಸರ ಲೆಕ್ಕಗಳ ನಡುವೆ ಶತಮಾನಗಳ ಅಂತರವೇ ಇದೆ.

ಅಂಥ ಪಟಗಳ ಬದಲು ನಮ್ಮ ಪರಂಪರೆಯಲ್ಲಿ ಸೂರ್ಯಸಿದ್ಧಾಂತದಂಥ ಗ್ರಂಥಗಳಿವೆ. ಅವು ನಕ್ಷತ್ರಸ್ಥಾನಗಳನ್ನು ಅಂಕಿಗಳಾಗಿ ಶ್ಲೋಕದಲ್ಲಿ ಹೇಳುತ್ತವೆ. ಕಲ್ಲಿನ ಮೇಲಾದರೋ ಪಂಚಾಂಗವೇ ಕುಳಿತಿದೆ. ಬಾದಾಮಿಯ ವೈಷ್ಣವ ಗುಹೆಯ ಶಾಸನ ಶಕವರ್ಷ 500ರ ಕಾರ್ತಿಕ ಹುಣ್ಣಿಮೆಯದು, ಎಂದರೆ ಕ್ರಿ.ಶ. 578. ಮುಂದಿನ ಶತಮಾನಗಳಲ್ಲಿ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಜೊತೆಗೆ ಸಂಕ್ರಾಂತಿ, ವ್ಯತೀಪಾತ, ಗ್ರಹಣ ಎಲ್ಲವೂ ಸೇರಿಕೊಂಡವು. ಗ್ರಹಣಕಾಲದ ದಾನಕ್ಕೆ ಪುಣ್ಯ ಹೆಚ್ಚೆಂಬ ನಂಬಿಕೆ ಇತಿಹಾಸಕ್ಕೆ ಮಾಡಿದ ಉಪಕಾರ ಅಷ್ಟಿಷ್ಟಲ್ಲ. ಸೆವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತ್ 1896ರಲ್ಲಿ, ಆಮೇಲೆ ಸ್ವಾಮಿಕಣ್ಣು ಪಿಳ್ಳೆಯವರು ಸಿದ್ಧಪಡಿಸಿದ ಕೋಷ್ಟಕಗಳನ್ನು ಹಿಡಿದು ಈ ತಿಥಿಗಳನ್ನು ಇಂಗ್ಲಿಷ್ ತಾರೀಖಿಗೆ ಇಳಿಸುತ್ತಿದ್ದರು. ತಿಥಿ ಮತ್ತು ವಾರ ಕೂಡಿದರೆ ಸರಿ. ಕೂಡದಿದ್ದರೆ ಶಕವರ್ಷ ಸಂದದ್ದೋ ನಡೆಯುತ್ತಿರುವುದೋ ಎಂದು ಇನ್ನೊಮ್ಮೆ ಲೆಕ್ಕ ಹಾಕಬೇಕು.

ಇಲ್ಲೊಂದು ಎಚ್ಚರಿಕೆಯೂ ಬೇಕು. ಶಾಸನದಲ್ಲಿ ಗ್ರಹಣವೆಂದು ಬರೆದ ಮಾತ್ರಕ್ಕೆ ಅದು ನಮ್ಮ ನಾಡಿನಲ್ಲಿ ಕಾಣಿಸಿತೆಂದು ತಿಳಿಯಬಾರದು. ಜೋಯಿಸರು ಗಣಿತದಿಂದ ತಿಳಿದು ದಾನ ಮಾಡಿಸಿದ್ದೂ ಉಂಟು. ಕಂಡದ್ದನ್ನೇ ಬರೆದಿದ್ದರೆ ಮಾತ್ರ ಲಾಭ ಇಮ್ಮಡಿ. ಪೂರ್ಣಗ್ರಹಣದ ನೆರಳು ಬೀಳುವುದು ಕಿರಿದಾದ ಪಟ್ಟಿಯ ಮೇಲೆ. ಭೂಮಿಯ ಸುತ್ತುವಿಕೆ ಶತಮಾನಗಳಲ್ಲಿ ಕೊಂಚ ಕೊಂಚವಾಗಿ ನಿಧಾನವಾಗುತ್ತಿರುವುದರಿಂದ ಆ ಪಟ್ಟಿ ಹಿಂದೆ ಎಲ್ಲಿ ಹಾದುಹೋಯಿತು ಎಂಬುದನ್ನು ಇಂಥ ದಾಖಲೆಗಳಿಂದ ಪರೀಕ್ಷಿಸಬಹುದು. ಬೆಂಗಳೂರಿನ ನೆಹರೂ ತಾರಾಲಯದಲ್ಲಿದ್ದ ಬಿ.ಎಸ್. ಶೈಲಜಾ ಅವರು ಗೀತಾ ಕೈದಾಳ ಅವರೊಡನೆ ಶಾಸನಗಳ ಖಗೋಳ ಉಲ್ಲೇಖಗಳನ್ನು ಕಲೆಹಾಕಿ 2016ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಶಾಸನತಜ್ಞರು ಒಂದು ಕಡೆ, ಖಗೋಳವಿಜ್ಞಾನಿಗಳು ಇನ್ನೊಂದು ಕಡೆ ಕೂತು ಮಾಡುವ ಕೆಲಸವಲ್ಲ ಇದು.

ನಿಮ್ಮ ಊರಿನ ಗುಡಿಯ ಅಂಗಳದಲ್ಲೋ ಕೆರೆಯ ಏರಿಯ ಮೇಲೋ ಅಕ್ಷರವಿರುವ ಕಲ್ಲು ಕಂಡರೆ ಅದಕ್ಕೆ ಸುಣ್ಣ ಬಳಿಯಲು, ಚರಂಡಿಗೆ ಹಾಸಲು ಬಿಡಬೇಡಿ. ಮೇಲೆ ಕೆತ್ತಿದ ಸೂರ್ಯಚಂದ್ರರನ್ನು ನೋಡಿ ಗ್ರಹಣವೆಂದುಕೊಳ್ಳಬೇಡಿ. ಅದು ದಾನ ಆಚಂದ್ರಾರ್ಕವಾಗಿ ಉಳಿಯಲಿ ಎಂಬುದರ ಗುರುತು. ಗ್ರಹಣದ ಮಾತು ಇರುವುದು ಕೆಳಗಿನ ಅಕ್ಷರಗಳ ಸಾಲಿನಲ್ಲಿ, ಸಾಮಾನ್ಯವಾಗಿ ಸಂವತ್ಸರದ ಹೆಸರು ಬಂದ ನಂತರ.