ವಾಡಿಯ ಸೂರ್ಯನೂ ಕೋಲ್ಕತ್ತದ 23 ನಿಮಿಷಗಳೂ

ವಾಡಿ ಕಡೆಯ ಲಾರಿ ಕಾಟಾದ ಚೀಟಿಯೊಂದನ್ನು ಹಿಡಿದು ನನ್ನ ಹಿರಿಯ ಮಿತ್ರರೊಬ್ಬರು ಬರೆದ ಟಿಪ್ಪಣಿ ಕೈಯಿಂದ ಕೈಗೆ ಓಡಾಡುತ್ತಿದೆ. ಚೀಟಿಯ ಮೇಲೆ ಲಾರಿ ತೂಗಿದ ಹೊತ್ತು 12:00. ಅದೇ ದಾಖಲೆ ಕಂಪ್ಯೂಟರ್ ವರದಿಯಲ್ಲಿ 11:37. ವಾಡಿಯ ಸೂರ್ಯಮಾನ ಭಾರತೀಯ ಕಾಲಮಾನಕ್ಕಿಂತ 22 ನಿಮಿಷ ಹಿಂದೆ. ಆದ್ದರಿಂದ ಪ್ರೋಗ್ರಾಂ ಊರಿನ ನಿಜವಾದ ಹೊತ್ತನ್ನೇ ಹಿಡಿದಿದೆ ಎಂಬುದು ಅವರ ತೀರ್ಮಾನ. ಒಂದು ನಿಮಿಷದ ಕೊರತೆಯನ್ನು ಅವರು 'ದುಂಡಗಾಗಿಸುವಿಕೆ'ಯ ಲೆಕ್ಕಕ್ಕೆ ಬರೆದುಬಿಟ್ಟಿದ್ದಾರೆ.

ರೇಖಾಂಶದ ಲೆಕ್ಕದಲ್ಲಿ ತಪ್ಪಿಲ್ಲ. ವಾಡಿ ಇರುವುದು ಸುಮಾರು 77 ಡಿಗ್ರಿ ಪೂರ್ವದಲ್ಲಿ, ನಮ್ಮ ಕಾಲಮಾನದ ರೇಖೆ 82.5ರಲ್ಲಿ, ಡಿಗ್ರಿಗೆ 4 ನಿಮಿಷದಂತೆ 22 ನಿಮಿಷ. ಎಡವಿದ್ದು ಚೀಟಿಯನ್ನು ಓದುವಲ್ಲಿ. ಪ್ರೋಗ್ರಾಂ ಪ್ರತಿ ಸಮಯವನ್ನೂ ಮೊದಲು ಯುಟಿಸಿಗೆ, ಅಂದರೆ ಜಗತ್ತಿನ ಮೂಲ ಸಮಯಕ್ಕೆ, ಇಳಿಸಿ ಇಟ್ಟುಕೊಂಡು, ತೋರಿಸುವಾಗ 5:30 ಕೂಡಿಸುತ್ತದೆ. ಇಳಿಸುವಾಗಲೂ 5:30 ಕಳೆದಿದ್ದರೆ ಗೊಡವೆಯೇ ಇರಲಿಲ್ಲ. ಇಲ್ಲಿ ಕಳೆದದ್ದು 5:53: 12:00 ಹೋಗಿ 6:07 ಆಯಿತು, 5:30 ಕೂಡಿ 11:37 ಆಯಿತು.

ಈ 5:53 ಕೋಲ್ಕತ್ತದ ಸ್ಥಳೀಯ ಸಮಯ. ಆರ್ಥರ್ ಡೇವಿಡ್ ಓಲ್ಸನ್ ಆರಂಭಿಸಿದ ಕಾಲವಲಯ ಕಡತದಲ್ಲಿ ಇಡೀ ಭಾರತಕ್ಕೆ 'ಏಷ್ಯಾ/ಕೋಲ್ಕತಾ' ಎಂಬ ಒಂದೇ ಹೆಸರು; ಅದರ ಮೊದಲ ಸಾಲೇ 5:53:28. ಪೈಥಾನಿನ ಪೈಟಿಜೆಡ್ ಗ್ರಂಥಾಲಯದಲ್ಲಿ 'ಲೋಕಲೈಸ್' ಎಂಬ ಹೆಜ್ಜೆ ಬಿಟ್ಟು ವಲಯವನ್ನು ನೇರ ಅಂಟಿಸಿದರೆ, ಅದು ತಾರೀಖು ನೋಡದೆ ಈ ಮೊದಲ ಸಾಲನ್ನೇ ಎತ್ತಿಕೊಳ್ಳುತ್ತದೆ. ಪ್ರೋಗ್ರಾಂ ಬರೆಯುವ ಹುಡುಗರಿಗೆಲ್ಲ ಗೊತ್ತಿರುವ ಹಳೆಯ ತಪ್ಪಿದು. (ಮಿತ್ರರು ಅವರಲ್ಲಿ ಒಬ್ಬರನ್ನು ಕೇಳಿದ್ದರೂ ಸಾಕಿತ್ತು.)

ಹಾಗಾದರೆ 11:37 ವಾಡಿಯ 11:38ಕ್ಕೆ ಇಷ್ಟು ಹತ್ತಿರ ಬಂದದ್ದು ಹೇಗೆ? ಬರೀ ಕಾಕತಾಳೀಯ. ಕೋಲ್ಕತ್ತ 82.5ರ ರೇಖೆಯಿಂದ ಪೂರ್ವಕ್ಕೆ ಎಷ್ಟು ದೂರವೋ ವಾಡಿ ಪಶ್ಚಿಮಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. ಒಂದರ ಗಡಿಯಾರ ಮುಂದೆ, ಇನ್ನೊಂದರದು ಹಿಂದೆ. ಕಳೆಯಬಾರದ್ದನ್ನು ಕಳೆದಾಗ ಎರಡೂ ಒಂದೇ ಮುಖ ತೋರಿಸಿದವು. ಇನ್ನೂ ಅನುಮಾನವಿದ್ದವರು ಚಿಂಚೋಳಿಗೆ ಹೋಗಲಿ. ಅಲ್ಲಿ ಸೂರ್ಯಮಾನದ ಹಿನ್ನಡೆ ಸುಮಾರು 20 ನಿಮಿಷ, ಸೇಡಂನಲ್ಲಿ 21ರ ಆಸುಪಾಸು, ಚಿತ್ತಾಪುರದಲ್ಲಿ 22ಕ್ಕೆ ತುಸು ಕಡಿಮೆ, ಶಹಾಬಾದಿನಲ್ಲಿ 22ಕ್ಕೆ ತುಸು ಹೆಚ್ಚು. ತಪ್ಪು ಪ್ರೋಗ್ರಾಂ ಮಾತ್ರ ಐದೂ ಊರಲ್ಲಿ 23 ನಿಮಿಷವನ್ನೇ ಕಳೆಯುತ್ತದೆ, ಮಂಗಳೂರಿನಲ್ಲೂ ಅಷ್ಟೇ. ಅದಕ್ಕೆ ಊರೂ ಗೊತ್ತಿಲ್ಲ, ಸೂರ್ಯನೂ ಗೊತ್ತಿಲ್ಲ.

ಮಿತ್ರರು ಇಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಅವರು ಇದೇ 23 ನಿಮಿಷವನ್ನು ರೈಲ್ವೆ ಇತಿಹಾಸಕ್ಕೂ ಹಚ್ಚಿದ್ದಾರೆ. ಅವರು ತೆರೆದು ನೋಡದ ಆಕರ ಅದೇ ಕಡತದ ಮೂರನೆಯ ಸಾಲು: 1870ರಿಂದ 1906ರವರೆಗೆ 5:21:10, ಅಂದರೆ ಮದ್ರಾಸ್ ಸಮಯ. (1970ಕ್ಕೆ ಹಿಂದಿನ ಸಾಲುಗಳನ್ನು ಊರೂರಿಗೆ ಅನ್ವಯಿಸಬಾರದೆಂದು ಕಡತದವರೇ ಎಚ್ಚರಿಸುತ್ತಾರೆ. ರೈಲ್ವೆಯ ಮಟ್ಟಿಗೆ ಈ ಸಾಲು ನಿಲ್ಲುತ್ತದೆ, ಊರಿನ ಬದುಕಿಗಲ್ಲ.) ಮುಂಬೈಯಿಂದ ರಾಯಚೂರಿಗೆ ಹೋಗುವ ಹಾದಿಯಿಂದ 1874ರಲ್ಲಿ ನಿಜಾಮರ ರೈಲು ವಾಡಿಯಲ್ಲಿ ಕವಲೊಡೆದು ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ಹೊರಟಿತು. ರೈಲುಗಳು ಓಡುತ್ತಿದ್ದದ್ದು ಮುಂಬೈ ಸಮಯಕ್ಕಲ್ಲ, ಕೋಲ್ಕತ್ತದ್ದಕ್ಕಂತೂ ಅಲ್ಲ, ಮದ್ರಾಸಿನ ಸಮಯಕ್ಕೆ.

1890ರ ವಾಡಿ ಸ್ಟೇಶನ್ನಿನ 12:00 ಇಂದಿನ ಕಾಲಮಾನದಲ್ಲಿ 12 ಗಂಟೆ 8 ನಿಮಿಷ 50 ಸೆಕೆಂಡು. ಮಿತ್ರರ ಕೋಷ್ಟಕದಲ್ಲಿ ಅದೂ 11:37. ಪಕ್ಕದಲ್ಲಿ ಪೆನ್ಸಿಲಿನಿಂದ 'ನೆತ್ತಿಯ ಸೂರ್ಯ' ಎಂದು ಬರೆದಿದೆ. ಸ್ಟೇಶನ್ ಗಡಿಯಾರ ಹನ್ನೆರಡು ತೋರಿಸುವಾಗ ವಾಡಿಯ ನೆತ್ತಿಗೆ ಸೂರ್ಯ ಬರಲು ಸರಾಸರಿ ಇನ್ನೂ 13 ನಿಮಿಷ ಬೇಕಿತ್ತು.