ಗೇರ್‌ಬಾಕ್ಸ್ ತಡೆದಷ್ಟೇ ಬಲ

ಕಲ್ಯಾಣ ಜಂಕ್ಷನ್ ದಾಟಿದ ಮೇಲೆ ಮಧ್ಯ ರೈಲ್ವೆಯ ಹಳಿ ಎರಡಾಗಿ ಕವಲೊಡೆಯುತ್ತದೆ. ಒಂದು ಕರ್ಜತ್ ಕಡೆಗೆ ಹೋಗಿ ಬೋರ್ ಘಾಟ್ ಹತ್ತುತ್ತದೆ. ಇನ್ನೊಂದರ ಮೊದಲ ನಿಲ್ದಾಣ ಶಹಾಡ್. ಸೆಂಚುರಿ ರೇಯಾನ್ ಕಾರ್ಖಾನೆಯ ಊರಾದ ಶಹಾಡ್ ಬಿಟ್ಟ ರೈಲು ಆಂಬಿವಲಿ, ಟಿಟ್ವಾಳಾ ಹಾಯ್ದು ಕಸಾರಾ ತಲುಪುತ್ತದೆ. ಅಲ್ಲಿಂದ ಇಗತಪುರಿಗೆ ಥಳ್ ಘಾಟ್ ಏರಬೇಕು. 1865ರಲ್ಲಿ ತೆರೆದ ಈ ದಾರಿಯಲ್ಲಿ ಪ್ರತಿ 37 ಅಡಿಗೆ ಒಂದು ಅಡಿ ಏರು. ಹಾಗಾಗಿ ಕಸಾರಾದಲ್ಲಿ ರೈಲಿನ ಹಿಂಭಾಗಕ್ಕೆ ಬೇರೆ ಎಂಜಿನ್‌ಗಳನ್ನು ಜೋಡಿಸಿ ದೂಡಿಸುತ್ತಾರೆ.

ಅವನ್ನೂ ಮುಂದೆಯೇ ಕಟ್ಟಿ ಎಳೆಸಬಹುದಲ್ಲ? ಹಾಗೆ ಮಾಡಿದರೆ ಇಡೀ ರೈಲಿನ ಭಾರ ಮುಂದಿನ ಬೋಗಿಗಳ ಕೊಂಡಿಯ ಮೇಲೆ ಬೀಳುತ್ತದೆ. ಎಂಜಿನ್ ಎಷ್ಟೇ ಬಲಶಾಲಿಯಾಗಿದ್ದರೂ ಕೊಂಡಿ ತಡೆದಷ್ಟೇ ಅದರ ಬಲ. ಭಾರತದ ಜೀಪುಗಳ ಚರಿತ್ರೆಯನ್ನು ಓದಲೂ ಈ ಸೂತ್ರ ಸಾಕು. ಆ ಚರಿತ್ರೆಯ ಒಂದು ಭಾಗ ನಡೆದಿರುವುದೂ ಇದೇ ಹಳಿಯ ಗುಂಟ. ಮಹೀಂದ್ರದ ಎಂಜಿನ್ ಕಾರ್ಖಾನೆ ಇಗತಪುರಿಯಲ್ಲಿದೆ. ಥಾರ್ ತಯಾರಾಗುವುದು ಅದರಾಚೆಯ ನಾಸಿಕದಲ್ಲಿ.

ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಎಂಜಿನ್ನಿಗೆ 60 ಅಶ್ವಶಕ್ತಿ. ಅದರ ಹಿಂದೆ ಇದ್ದದ್ದು ಟಿ-84 ಎಂಬ ಮೂರು ಗೇರಿನ ಪೆಟ್ಟಿಗೆ. 1945ರಲ್ಲಿ ಜೀಪು ಸೈನ್ಯ ಬಿಟ್ಟು ಹೊಲ, ತೋಟಗಳಿಗೆ ಇಳಿಯುವಾಗ ಎಂಜಿನ್ ಹೆಚ್ಚು ಬದಲಾಗಲಿಲ್ಲ, ಗೇರ್‌ಬಾಕ್ಸ್ ಬದಲಾಯಿತು. ದಿನವಿಡೀ ನೇಗಿಲು ಎಳೆಯಬೇಕಾದ ಗಾಡಿಗೆ ಹೆಚ್ಚು ಗಟ್ಟಿಯಾದ ಟಿ-90 ಬಂತು. 1947ರಲ್ಲಿ ಮಹೀಂದ್ರ ಮುಂಬಯಿಯಲ್ಲಿ ಜೋಡಿಸಲಾರಂಭಿಸಿದ್ದು ಈ ವಂಶದ ಜೀಪನ್ನೇ. ಕೊಡಗಿನ ಕಾಫಿ ತೋಟಗಳಿಂದ ಮಾಂದಲಪಟ್ಟಿಯ ಏರಿನವರೆಗೆ ಮಲೆನಾಡಿನವರು ಕಂಡ ಜೀಪುಗಳೆಲ್ಲ ಕ್ಲಚ್ ತುಳಿದು ಗೇರ್ ಹಾಕುವಂಥವು. ಆಟೊಮ್ಯಾಟಿಕ್ ಎಂದರೆ ಪೇಟೆಯ ಕಾರಿನ ಸುಖ, ಘಾಟಿಗಲ್ಲ ಎಂಬ ನಂಬಿಕೆ ಬೆಳೆದದ್ದು ಹೀಗೆ.

ಆದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಮೂಲದಲ್ಲಿ ಇರುವುದು ಸುಖವಲ್ಲ, ಹೊರೆ. 1905ರಲ್ಲಿ ಜರ್ಮನಿಯ ಹರ್ಮನ್ ಫೊಟಿಂಗರ್ ದ್ರವದ ಮೂಲಕ ಬಲ ಸಾಗಿಸುವ ಉಪಾಯಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. ಎರಡು ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದನ್ನು ಚಾಲೂ ಮಾಡಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ ತುಂಬಿ, ಹಿಂತಿರುಗುವ ಎಣ್ಣೆಯ ದಿಕ್ಕು ತಿರುಗಿಸಲು ನಡುವೆ ಇನ್ನೊಂದು ಚಕ್ರ ಇಟ್ಟರೆ ಅದೇ ಟಾರ್ಕ್ ಕನ್ವರ್ಟರ್. ಗಾಡಿ ನಿಂತಲ್ಲಿಂದ ಕದಲುವ ಗಳಿಗೆಯಲ್ಲಿ ಅದು ಎಂಜಿನ್ನಿನ ತಿರುಗುಬಲವನ್ನು ಸುಮಾರು ಎರಡು ಪಟ್ಟು ಮಾಡಿ ಕೊಡುತ್ತದೆ. 1940ರ ಓಲ್ಡ್ಸ್‌ಮೊಬೈಲ್ ಕಾರಿಗೆ ಜನರಲ್ ಮೋಟಾರ್ಸ್ ಕೂರಿಸಿದ ಹೈಡ್ರಾಮ್ಯಾಟಿಕ್ ಪೆಟ್ಟಿಗೆಯಲ್ಲಿ ಬಲ ಸಾಗಿಸುತ್ತಿದ್ದುದೂ ಎಣ್ಣೆಯೇ. ಎರಡೇ ವರ್ಷಗಳಲ್ಲಿ ಅದು ಅಮೆರಿಕದ ಎಂ5 ಸ್ಟುವರ್ಟ್ ಟ್ಯಾಂಕಿನೊಳಗೆ, ಎರಡು ಕ್ಯಾಡಿಲಾಕ್ ಎಂಜಿನ್‌ಗಳ ಬೆನ್ನಿಗೆ ನಿಂತಿತ್ತು.

ಜೀಪಿನ ವಂಶಕ್ಕೆ ಆಟೊಮ್ಯಾಟಿಕ್ ಬಂದದ್ದು 1963ರ ಮಾದರಿಯ ವ್ಯಾಗನಿಯರ್‌ನಲ್ಲಿ. ನಾಲ್ಕೂ ಚಕ್ರ ಎಳೆಯುವ ಆ ಗಾಡಿಯ ಪೆಟ್ಟಿಗೆ ಬೋರ್ಗ್-ವಾರ್ನರ್ ಕಂಪನಿಯದು. ಎಂಜಿನ್ 140 ಅಶ್ವಶಕ್ತಿಯದು. ಆ ದಶಕದ ನಡುವೆ 250 ಅಶ್ವಶಕ್ತಿಯ ವಿ8 ಎಂಜಿನ್ ಬಂದಾಗ ಹಳೆಯ ಪೆಟ್ಟಿಗೆ ಸಾಲದಾಯಿತು. ಜನರಲ್ ಮೋಟಾರ್ಸ್‌ನ ಟಿಎಚ್400 ಅದರ ಜಾಗಕ್ಕೆ ಬಂತು. 1976ರಲ್ಲಿ ಪುಟ್ಟ ಸಿಜೆ-7 ಜೀಪಿಗೂ ಅದೇ ಸಿಕ್ಕಿತು.

ಎಂಜಿನ್ ಹಿಗ್ಗಿದಾಗ ಆಟೊಮ್ಯಾಟಿಕ್ ಪೆಟ್ಟಿಗೆ ಸೋಲುವುದು ಹೇಗೆ? ಅದರೊಳಗೆ ಗೇರುಗಳನ್ನು ಹಿಡಿದು ಬಿಡುವುದು ಎಣ್ಣೆಯ ಒತ್ತಡದಲ್ಲಿ ಬಿಗಿಯುವ ಕ್ಲಚ್ ಪ್ಲೇಟುಗಳ ಕಟ್ಟುಗಳು. ತಿರುಗುಬಲ ಹೆಚ್ಚಾದರೆ ಹಿಡಿತ ಸಾಲದೆ ಪ್ಲೇಟು ಜಾರುತ್ತದೆ. ಜಾರಿದರೆ ಬಿಸಿ, ಬಿಸಿಯಾದರೆ ಎಣ್ಣೆ ಕೆಡುತ್ತದೆ, ಕೆಟ್ಟ ಎಣ್ಣೆಯಲ್ಲಿ ಪ್ಲೇಟು ಇನ್ನಷ್ಟು ಜಾರುತ್ತದೆ. ಎಣ್ಣೆಯ ಬಿಸಿ ಮಿತಿ ಮೀರಿ ಹತ್ತು ಡಿಗ್ರಿ ಏರಿದಂತೆಲ್ಲ ಅದರ ಆಯಸ್ಸು ಅರ್ಧವಾಗುತ್ತದೆ ಎಂಬುದು ಕಸುಬಿನವರ ಲೆಕ್ಕ. ದೊಡ್ಡ ಟೈರು ಹಾಕಿ ಕೆಸರಿನಲ್ಲಿ ನಿಧಾನ ಏರುವ ಗಾಡಿಯಲ್ಲಿ ಕನ್ವರ್ಟರಿನ ಎಣ್ಣೆ ಬೇಗ ಕಾಯುತ್ತದೆ. ಇತ್ತ ತಂಪು ಮಾಡುವ ಗಾಳಿ ಕಡಿಮೆ. ಆದ್ದರಿಂದ ಪೆಟ್ಟಿಗೆಯನ್ನು ಬಲಪಡಿಸುವ ಕೆಲಸಕ್ಕೆ ಎಲ್ಲೆಡೆ ಒಂದೇ ಕ್ರಮ: ಮೊದಲು ದೊಡ್ಡ ಆಯಿಲ್ ಕೂಲರ್, ಆಮೇಲೆ ಎಣ್ಣೆಯ ಒತ್ತಡ ಏರಿಸುವುದು, ಕ್ಲಚ್ ಪ್ಲೇಟುಗಳ ಸಂಖ್ಯೆ ಹೆಚ್ಚಿಸುವುದು, ಎಂಜಿನ್ನಿಗೆ ಹೊಂದುವ ಕನ್ವರ್ಟರ್ ಕೂರಿಸುವುದು. ಕೂಲರ್ ಬಿಟ್ಟು ಬರೀ ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿ ಬಲ ಏರಿಸಿದವರು ಕೊಂಡಿ ನೋಡದೆ ಎಂಜಿನ್ ಕಟ್ಟಿದಂತೆ.

ಭಾರತದಲ್ಲಿ ಈ ಕತೆ ತಡವಾಗಿ ಬಂತು. 2008ರಲ್ಲಿ ಮಹೀಂದ್ರ ತನ್ನ ಸ್ಕಾರ್ಪಿಯೊಗೆ ಆರು ಗೇರಿನ ಆಟೊಮ್ಯಾಟಿಕ್ ಕೊಟ್ಟಿತು. ಆ ಪೆಟ್ಟಿಗೆ ಆಸ್ಟ್ರೇಲಿಯಾದ ಡಿಎಸ್‌ಐ ಕಂಪನಿಯದು. ಆ ಕಂಪನಿಯ ಮೂಲ ಆಲ್ಬರಿ ಊರಲ್ಲಿದ್ದ ಬೋರ್ಗ್-ವಾರ್ನರ್ ಕಾರ್ಖಾನೆ. 2009ರಲ್ಲಿ ಡಿಎಸ್‌ಐ ಸಾಲದಲ್ಲಿ ಮುಳುಗಿ ಚೀನಾದ ಗೀಲಿ ಪಾಲಾಯಿತು. 2010ರ ಮೊದಲ ಥಾರ್‌ಗಂತೂ ಮ್ಯಾನುವಲ್ ಬಿಟ್ಟರೆ ಬೇರೆ ಗತಿ ಇರಲಿಲ್ಲ. 2020ರ ಹೊಸ ಥಾರ್‌ಗೆ ಬಂದ ಆಟೊಮ್ಯಾಟಿಕ್ ಜಪಾನಿನ ಐಸಿನ್‌ನದು. ಐಸಿನ್ ಈ ಕಸುಬಿಗೆ ಇಳಿದದ್ದು 1969ರಲ್ಲಿ, ಬೋರ್ಗ್-ವಾರ್ನರ್ ಜೊತೆ ಪಾಲುದಾರಿಕೆಯಲ್ಲಿ ಐಸಿನ್-ವಾರ್ನರ್ ಎಂದು. ವ್ಯಾಗನಿಯರ್‌ನ ಪೆಟ್ಟಿಗೆ ಕಟ್ಟಿದ ಮನೆತನದ ವಿದ್ಯೆಯೇ ಎರಡು ಕವಲಾಗಿ ಎರಡು ಸಲ ನಾಸಿಕಕ್ಕೆ ಬಂದಂತಾಯಿತು.

ಇಲ್ಲಿ ಹಳೆಯ ನಂಬಿಕೆ ತಲೆಕೆಳಗಾಗುತ್ತದೆ. 2020ರ ಪೆಟ್ರೋಲ್ ಥಾರ್‌ನಲ್ಲಿ ಎಂಜಿನ್ ಒಂದೇ, ಶಕ್ತಿ 150 ಪಿಎಸ್. ಆದರೆ ಮ್ಯಾನುವಲ್ ಗಾಡಿಗೆ 300 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟ ಕಂಪನಿ ಆಟೊಮ್ಯಾಟಿಕ್‌ಗೆ 320 ಕೊಟ್ಟಿತು. 2022ರ ಸ್ಕಾರ್ಪಿಯೊ-ಎನ್ ಡೀಸೆಲ್‌ನಲ್ಲಿ 175 ಪಿಎಸ್ ಎಂಜಿನ್ನಿಗೆ ಮ್ಯಾನುವಲ್‌ನಲ್ಲಿ 370, ಆಟೊಮ್ಯಾಟಿಕ್‌ನಲ್ಲಿ 400. ಕ್ಲಚ್ ಪೆಡಲಿನ ಮೇಲಿನ ಕಾಲು ತಟ್ಟನೆ ಜಾರಿದರೆ ಬೀಳುವ ಏಟು ನೇರ ಗೇರಿನ ಹಲ್ಲುಗಳ ಮೇಲೆ. ಆಟೊಮ್ಯಾಟಿಕ್‌ನಲ್ಲಿ ಆ ಏಟನ್ನು ಎಣ್ಣೆ ನುಂಗುತ್ತದೆ. ಗೇರ್ ಬದಲಾಗುವ ಕ್ಷಣದಲ್ಲಿ ಕಂಪ್ಯೂಟರ್ ಎಂಜಿನ್ನಿನ ಬಲ ತಗ್ಗಿಸುತ್ತದೆ. ಘಾಟಿಗೆ ಆಗದು ಎಂದು ದೂರ ಇಟ್ಟಿದ್ದ ಪೆಟ್ಟಿಗೆಗೇ ಈಗ ಹೆಚ್ಚಿನ ಹೊರೆ.

ಹಾಗೆಂದು ಅದರ ಮಿತಿ ಹೋಗಿಲ್ಲ. ಕಲ್ಯಾಣದ ಎಂಎಚ್-05 ಫಲಕ ಹೊತ್ತ ಥಾರ್‌ಗಳು ಮಳೆಗಾಲದಲ್ಲಿ ಶಹಾಡ್ ದಾಟಿ ಮುರ್ಬಾಡ್ ಮೇಲೆ ಮಾಳಶೇಜ್ ಘಾಟ್ ಏರುತ್ತವೆ. ಅವುಗಳ ಎಂಜಿನ್ನಿಗೆ ಇನ್ನಷ್ಟು ಬಲ ತುಂಬುವ ಆಸೆ ಯಾರಿಗೂ ಹೊಸದಲ್ಲ. ಕಾನೂನು ಅಲ್ಲಿ ಅಡ್ಡ ನಿಲ್ಲುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲತಃ ನಿಗದಿ ಮಾಡಿದ ವಿವರಗಳಿಗೆ ವ್ಯತಿರಿಕ್ತವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕೇರಳದ ಪ್ರಕರಣವೊಂದರಲ್ಲಿ ಹೇಳಿತು. ಹೀಗಾಗಿ ಪೆಟ್ಟಿಗೆ ಎಷ್ಟು ತಡೆಯಬೇಕು ಎಂಬ ನಿರ್ಧಾರ ಗ್ಯಾರೇಜಿನಿಂದ ಕಾರ್ಖಾನೆಗೆ ಹೋಗಿದೆ. ಗ್ಯಾರೇಜಿನ ಹುರುಪಿಗೆ ಇದರಿಂದ ನಷ್ಟ. ಆದರೆ ಇಳಿಜಾರಿನಲ್ಲಿ ಪೆಟ್ಟಿಗೆ ಕೈಕೊಟ್ಟರೆ ಎಂಜಿನ್ನಿನ ಹಿಡಿತ ತಪ್ಪಿ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಆಗ ಅಪಾಯ ಗಾಡಿಯ ಮಾಲೀಕನಿಗೆ ಮಾತ್ರವಲ್ಲ, ಮುಂದೆ ಹೋಗುತ್ತಿರುವವರಿಗೂ.

ಕಸಾರಾದಲ್ಲಿ ಇಂದಿಗೂ ರೈಲುಗಳು ಕೆಲವು ನಿಮಿಷ ನಿಲ್ಲುತ್ತವೆ. ಹಿಂದಿನ ಎಂಜಿನ್‌ಗಳು ಬಂದು ತಾಗಿದ ಮೇಲೆಯೇ ಘಾಟಿ ಏರುವುದು.